ಪಾಯಿಂಟಿನ ನೆನಪು ಯಾರ ಬಳಿ?

ಮೇಜಿನ ಮೇಲೆ ಓಡುವ ಪುಟ್ಟ ರೈಲನ್ನು ನೋಡಲು ಬಂದವರ ಕಣ್ಣು ಎಂಜಿನ್ ಮೇಲಿರುತ್ತದೆ. ಕಟ್ಟಿದವರ ಕಣ್ಣು ಪಾಯಿಂಟುಗಳ ಮೇಲೆ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಗಳ ಮೇಲೆ. ಗಾಡಿ ಹಳಿ ತಪ್ಪುವುದು ಅಲ್ಲಿ, ಮುಗ್ಗರಿಸಿ ನಿಲ್ಲುವುದು ಅಲ್ಲಿ, ಶಾರ್ಟ್ ಆಗಿ ಇಡೀ ಲೇಔಟ್ ಸ್ತಬ್ಧವಾಗುವುದೂ ಬಹುಪಾಲು ಅಲ್ಲೇ. ಆಗಬೇಕಾದ ಕೆಲಸವೇನೋ ಸಣ್ಣದು. 16.5 ಮಿಲಿಮೀಟರ್ ಅಗಲದ ಹಳಿಯಲ್ಲಿ ಎರಡು ಚೂಪು ಅಲಗುಗಳನ್ನು ಹಿಡಿದಿರುವ ಅಡ್ಡಪಟ್ಟಿಯನ್ನು ಎರಡು–ಮೂರು ಮಿಲಿಮೀಟರ್ ಆಚೀಚೆ ಸರಿಸಿದರೆ ಮುಗಿಯಿತು. ಇಷ್ಟಕ್ಕೆ ಅಂಗಡಿಯಲ್ಲಿ ಸಿಗುವ ಮೋಟಾರುಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪೀಕೊ ಕಂಪನಿಯ ಪಿಎಲ್-10ರಲ್ಲಿ ಎರಡು ಕಾಯಿಲ್, ಮೂರು ವೈರು. ಅಮೆರಿಕದ ಸರ್ಕ್ಯುಟ್ರಾನ್ ತಯಾರಿಸುವ ಟಾರ್ಟಾಯಿಸ್‌ನಲ್ಲಿ ಎಂಟು ತುದಿ. ರೇಡಿಯೊ ಚಾಲಿತ ಆಟಿಕೆ ವಿಮಾನಗಳಿಂದ ಈ ಕಡೆ ಬಂದ ಎಸ್‌ಜಿ90 ಸರ್ವೊದಲ್ಲಿ ಮತ್ತೆ ಮೂರೇ ವೈರು, ಆದರೆ ಪೀಕೊದ ಮೂರಕ್ಕೂ ಇದರ ಮೂರಕ್ಕೂ ಯಾವ ನಂಟೂ ಇಲ್ಲ. ಒಂದಕ್ಕೆ ಹೊಂದುವ ಸ್ವಿಚ್ಚನ್ನು ಇನ್ನೊಂದಕ್ಕೆ ಹಾಕಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಹೊಗೆ ಬರುತ್ತದೆ.

ಹೀಗಾಗಿ ಹೊಸಬರು ಮೊದಲು ಕೇಳುವುದು "ಯಾವ ವೈರು ಎಲ್ಲಿಗೆ?" ಎಂದು. ಡಬ್ಬಿಯೊಳಗಿನ ಚೀಟಿಯಲ್ಲಿ ಅದಕ್ಕೆ ಉತ್ತರವೂ ಇರುತ್ತದೆ. ಆದರೆ ಆ ಚೀಟಿ ಒಂದು ಮೋಟಾರಿಗೆ ಸಾಕು, ಇಪ್ಪತ್ತು ಪಾಯಿಂಟುಗಳ ಲೇಔಟಿಗೆ ಸಾಲದು. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ. ಕರೆಂಟು ಹೋಗಿದೆ, ಮನೆ ಕತ್ತಲಾಗಿದೆ. ಪಾಯಿಂಟ್ ಯಾವ ಕಡೆಗೆ ತಿರುಗಿದೆ ಎಂಬ ಸಂಗತಿ ಆಗ ಎಲ್ಲಿ ಉಳಿದಿರುತ್ತದೆ? ಎರಡು ಕಾಯಿಲ್‌ಗಳ ಮೋಟಾರಿನಲ್ಲಿ ಅದು ಪಾಯಿಂಟಿನೊಳಗಿನ ಸ್ಪ್ರಿಂಗ್‌ನಲ್ಲಿ ಇರುತ್ತದೆ. ನಿಧಾನವಾಗಿ ತಿರುಗುವ ಮೋಟಾರಿನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಸ್ವಿಚ್ಚಿನ ಕಡ್ಡಿಯಲ್ಲಿ ಇರುತ್ತದೆ. ಸರ್ವೊದಲ್ಲಿ ಅದನ್ನು ಆಡಿಸುವ ಚಿಪ್ಪಿನೊಳಗೆ ಇರುತ್ತದೆ, ಬರೆದಿಟ್ಟಿದ್ದರೆ. ಸ್ವಿಚ್ ಯಾವ ಬಗೆಯದು, ವೈರು ಎಷ್ಟು ದಪ್ಪ, ಪವರ್ ಸಪ್ಲೈ ಎಷ್ಟು ಆಂಪಿಯರ್‌ನದು, ಪ್ಯಾನೆಲ್‌ನ ದೀಪವನ್ನು ಎಲ್ಲಿಂದ ಹೊತ್ತಿಸಬೇಕು ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತದೆ ಎಂಬುದು ನನ್ನ ವಾದ. ಇದು ಹಿಡಿತಕ್ಕೆ ಬಂದರೆ ಯಾವ ಕಂಪನಿಯ ಮೋಟಾರು ಕೈಗೆ ಬಂದರೂ ಚೀಟಿಯನ್ನು ಅರ್ಧ ಊಹಿಸಿಯೇ ಬಿಡಬಹುದು.

ಸೊಲೆನಾಯ್ಡ್, ಅಂದರೆ ಎರಡು ಕಾಯಿಲ್‌ಗಳ ಮೋಟಾರಿನಿಂದ ಶುರುಮಾಡೋಣ, ಹೆಚ್ಚು ಬಳಕೆಯಲ್ಲಿರುವುದೂ ಹೆಚ್ಚು ಸುಟ್ಟುಹೋಗುವುದೂ ಅದೇ. ಪೀಕೊ, ಸೀಪ್, ಹಾರ್ನ್‌ಬಿ ಯಾವುದೇ ಇರಲಿ, ಒಳಗಿನ ರಚನೆ ಒಂದೇ. ಅಕ್ಕಪಕ್ಕ ಎರಡು ಕಾಯಿಲ್, ನಡುವೆ ಜಾರುವ ಕಬ್ಬಿಣದ ತುಂಡು, ಅದಕ್ಕೊಂದು ಕಡ್ಡಿ. ಎಡ ಕಾಯಿಲ್‌ಗೆ ಕರೆಂಟು ಕೊಟ್ಟರೆ ತುಂಡು ಎಡಕ್ಕೆ ಬಡಿಯುತ್ತದೆ, ಬಲದ್ದಕ್ಕೆ ಕೊಟ್ಟರೆ ಬಲಕ್ಕೆ. ಪ್ರತಿ ಕಾಯಿಲ್‌ನ ಒಂದೊಂದು ತುದಿಯನ್ನು ಸೇರಿಸಿ ವಾಪಸು ವೈರು ಮಾಡಿದರೆ ಒಟ್ಟು ಮೂರು ವೈರು. ಕಾಯಿಲ್‌ನ ರೋಧ ಸುಮಾರು 4 ಓಮ್. 16 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ 4 ಆಂಪಿಯರ್, ಅಂದರೆ 64 ವ್ಯಾಟ್. ಹೆಬ್ಬೆಟ್ಟಿನಷ್ಟಿರುವ ತಾಮ್ರದ ಸುತ್ತು ಅಷ್ಟು ಶಾಖವನ್ನು ಕೆಲವು ಸೆಕೆಂಡಿಗಿಂತ ಹೆಚ್ಚು ತಡೆಯಲಾರದು. ತಡೆಯಬೇಕಾದ ಅಗತ್ಯವೂ ಇಲ್ಲ. ಪೀಕೊ ಪಾಯಿಂಟುಗಳ ಅಡ್ಡಪಟ್ಟಿಯ ಕೆಳಗೆ ಒಂದು ಸಣ್ಣ ಸ್ಪ್ರಿಂಗ್ ಇದೆ. ಅರ್ಧ ದಾರಿ ದಾಟಿದ ಮೇಲೆ ಅದೇ ಅಲಗನ್ನು ಎಳೆದುಕೊಂಡು ಆ ಬದಿಗೆ ಒತ್ತಿ ಹಿಡಿಯುತ್ತದೆ. ಮೋಟಾರು ಕೊಡಬೇಕಾದ್ದು ಒಂದು ಏಟು ಮಾತ್ರ, ಹಿಡಿದುಕೊಳ್ಳುವ ಕೆಲಸ ಅದರದ್ದಲ್ಲ. ಆದ್ದರಿಂದ ಇದಕ್ಕೆ ಬೇಕಾದ್ದು ಒತ್ತಿ ಬಿಡುವ ಬೆಲ್ ಸ್ವಿಚ್, ಅಥವಾ ಪೀಕೊದ ಪಿಎಲ್-26ರಂತೆ ಕಡ್ಡಿ ದಾಟುವಾಗ ಕ್ಷಣಮಾತ್ರ ತಾಗಿ ಬಿಡುವ ಲಿವರ್. ಗೋಡೆಯ ದೀಪದ ಸ್ವಿಚ್ಚಿನಂತೆ ಹಾಕಿದಲ್ಲೇ ನಿಲ್ಲುವುದನ್ನು ಇಲ್ಲಿ ಹಾಕುವುದು ಕಾಯಿಲ್ ಸುಡಲು ಅತ್ಯಂತ ಸಲೀಸಾದ ದಾರಿ.

ಬೆಲ್ ಸ್ವಿಚ್ ಇದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ಏಟಿನ ಕರೆಂಟಿಗೆ ಅದರ ತಾಮ್ರದ ತುದಿಗಳು ಕಿಡಿ ಹಾರಿ ಅಂಟಿಕೊಳ್ಳಬಹುದು. ಅದೂ ಒಂದು ಬಗೆಯಲ್ಲಿ ಹಾಕಿದಲ್ಲೇ ನಿಲ್ಲುವ ಸ್ವಿಚ್ಚೇ. ಇದಕ್ಕೆ ಮಾಡಿಕೊಂಡ ಉಪಾಯ ಕೆಪಾಸಿಟರ್ ಡಿಸ್‌ಚಾರ್ಜ್ ಯೂನಿಟ್, ಬಳಕೆಯಲ್ಲಿ ಸಿಡಿಯು. ಅದು ಕೆಲಸ ಮಾಡುವುದು ಬಚ್ಚಲಿನ ಫ್ಲಶ್ ಟ್ಯಾಂಕಿನ ಹಾಗೆ: ನಿಧಾನವಾಗಿ ತುಂಬಿಕೊಳ್ಳುತ್ತದೆ, ಒತ್ತಿದಾಗ ಇದ್ದದ್ದನ್ನೆಲ್ಲ ಒಮ್ಮೆಲೇ ಸುರಿಯುತ್ತದೆ, ಒತ್ತಿಯೇ ಹಿಡಿದರೆ ಮತ್ತೆ ತುಂಬುವುದಿಲ್ಲ. 16 ವೋಲ್ಟ್ ಎಸಿಯ ತುತ್ತತುದಿ 22 ವೋಲ್ಟನ್ನು ದಾಟುತ್ತದೆ. ಡಯೋಡಿನಲ್ಲಿ ಕಳೆಯುವುದನ್ನು ಬಿಟ್ಟು 22 ವೋಲ್ಟ್ ಎಂದಿಟ್ಟುಕೊಂಡರೆ 4,700 ಮೈಕ್ರೊಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 1.1 ಜೂಲ್ ಶಕ್ತಿ ಕೂಡಿರುತ್ತದೆ. 4 ಓಮ್ ಕಾಯಿಲ್ ಮೂಲಕ ಅದರ ಬಹುಪಾಲು ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಲ್ಲಿ ಖರ್ಚಾಗಿಬಿಡುತ್ತದೆ. ಏಟು ಜೋರಾಗಿ ಬೀಳುತ್ತದೆ, ಸ್ವಿಚ್ ಅಂಟಿಕೊಂಡರೂ ಕಾಯಿಲ್‌ಗೆ ಸಿಗುವುದು ಬೆಚ್ಚಗಾಗದಷ್ಟು ಕರೆಂಟು. ಸೊಲೆನಾಯ್ಡ್ ಇರುವ ಲೇಔಟಿನಲ್ಲಿ ಸಿಡಿಯು ಐಚ್ಛಿಕ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಸಿಡಿಯು ಇಟ್ಟ ಮೇಲೂ ಕೆಲವು ಪಾಯಿಂಟುಗಳು ಅರ್ಧಕ್ಕೆ ನಿಲ್ಲುತ್ತವೆ, ಆಗ ಎಲ್ಲರೂ ಮೋಟಾರನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ವೈರಿನದು. ಪ್ಯಾನೆಲ್‌ನಿಂದ 5 ಮೀಟರ್ ದೂರದ ಪಾಯಿಂಟಿಗೆ ಹೋಗಿ ಬರುವ ದಾರಿ 10 ಮೀಟರ್. 0.22 ಚದರ ಮಿಲಿಮೀಟರ್‌ನ ತೆಳು ವೈರಿನಲ್ಲಿ ಆ ದೂರಕ್ಕೆ ಸುಮಾರು 0.8 ಓಮ್ ರೋಧ. ಏನು ಮಹಾ ಎನಿಸಬಹುದು. ಆದರೆ ಕಾಯಿಲ್ ಇರುವುದೇ 4 ಓಮ್. ಕರೆಂಟು ಆರನೇ ಒಂದು ಪಾಲು ಇಳಿಯುತ್ತದೆ, ಸೊಲೆನಾಯ್ಡ್‌ನ ಎಳೆತ ಹೆಚ್ಚೂಕಡಿಮೆ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ಬಲದಲ್ಲಿ ಶೇ 30ರಷ್ಟು ಕುಸಿತ. ಅದೇ ದೂರಕ್ಕೆ 0.5 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ ಶೇ 15ರ ಆಸುಪಾಸಿಗೆ, 1 ಚದರ ಮಿಲಿಮೀಟರ್ ಹಾಕಿದರೆ ಶೇ 8ಕ್ಕೆ ಇಳಿಯುತ್ತದೆ. ಎಲ್ಲ ಮೋಟಾರುಗಳ ವಾಪಸು ವೈರು ಒಂದೇ ಆಗಿದ್ದರೆ ಅದು ಉಳಿದವಕ್ಕಿಂತ ದಪ್ಪಗಿರಬೇಕು, ಏಕೆಂದರೆ ಎರಡು ಪಾಯಿಂಟ್ ಒಟ್ಟಿಗೆ ತಿರುಗುವ ಕಡೆ ಎರಡರ ಕರೆಂಟೂ ಅದರಲ್ಲೇ ಹರಿಯುತ್ತದೆ.

ಸೊಲೆನಾಯ್ಡ್‌ನ ದೊಡ್ಡ ಕೊರತೆ ಎಂದರೆ ಪ್ಯಾನೆಲ್‌ಗೆ ಏನೂ ಗೊತ್ತಿರುವುದಿಲ್ಲ. ಬೆಲ್ ಸ್ವಿಚ್ ಒತ್ತುವ ಮುಂಚೆ ಹೇಗಿತ್ತೋ ಆಮೇಲೂ ಹಾಗೇ. ನೆನಪು ಹಳಿಯ ಕೆಳಗಿನ ಸ್ಪ್ರಿಂಗ್‌ನಲ್ಲಿದೆ, ಅದನ್ನು ಓದಲು ಹಳಿಯ ಬಳಿಗೇ ಹೋಗಬೇಕು. ಆದರೆ ಇದೇ ಕೊರತೆ ಇನ್ನೊಂದು ಕಡೆ ಭಾರಿ ಅನುಕೂಲ. ನೆನಪು ಸ್ವಿಚ್ಚಿನಲ್ಲಿ ಇಲ್ಲದ ಕಾರಣ ಸ್ವಿಚ್ಚುಗಳು ಎಷ್ಟು ಬೇಕಾದರೂ ಇರಬಹುದು. ಲೇಔಟಿನ ಎರಡು ತುದಿಯಲ್ಲಿ ಎರಡು ಪ್ಯಾನೆಲ್ ಬೇಕೆ? ಬಟನ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರಾಯಿತು. ಒಂದು ಬಟನ್ ಒತ್ತಿ ನಾಲ್ಕು ಪಾಯಿಂಟ್ ತಿರುಗಿಸಬೇಕೆ? ನಡುವೆ ಡಯೋಡುಗಳನ್ನು ಹಾಕಿದರಾಯಿತು. ಗುಡ್ಡದ ಕೆಳಗೆ ಅಡಗಿಸಿಟ್ಟ, ಐದು ಹಳಿಗಳ ಯಾರ್ಡಿನಲ್ಲಿ ಸಾಲಾಗಿ ನಾಲ್ಕು ಪಾಯಿಂಟುಗಳಿವೆ ಎನ್ನಿ. ಮೊದಲ ಹಳಿಗೆ ಒಂದು ಪಾಯಿಂಟ್ ತಿರುಗಿದರೆ ಸಾಕು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಉಳಿದೆರಡಕ್ಕೆ ನಾಲ್ಕು ನಾಲ್ಕು. ಐದು ಬಟನ್, ಹದಿನಾಲ್ಕು ಡಯೋಡ್, ಕೆಲಸ ಮುಗಿಯಿತು. ಕಂಪ್ಯೂಟರೂ ಇಲ್ಲ, ಪ್ರೋಗ್ರಾಮೂ ಇಲ್ಲ. ಡಯೋಡ್ ಒಂದೇ ದಿಕ್ಕಿಗೆ ಕರೆಂಟು ಬಿಡುವ ಸಾಧನವಾದ್ದರಿಂದ ಇದಕ್ಕೆ ಎಸಿ ನೇರವಾಗಿ ಹೊಂದುವುದಿಲ್ಲ, ಸಿಡಿಯು ಕೊಡುವ ಡಿಸಿ ಏಟೇ ಬೇಕು. ನಾಲ್ಕು ಕಾಯಿಲ್‌ಗೆ 1.1 ಜೂಲ್ ಹಂಚಿದರೆ ಒಂದೊಂದಕ್ಕೂ ಸಾಲದೇ ಹೋಗುವ ಸಂಭವ ಇರುವುದರಿಂದ ಕೆಪಾಸಿಟರನ್ನು 10,000 ಮೈಕ್ರೊಫ್ಯಾರಡ್‌ಗೆ ಏರಿಸಿದರೆ ಶಕ್ತಿ ಸುಮಾರು 2.4 ಜೂಲ್ ಆಗುತ್ತದೆ.

ಸೊಲೆನಾಯ್ಡ್ ಕುಟುಂಬದಲ್ಲಿ ಒಂದು ಕವಲಿದೆ. ಜಪಾನಿನ ಕಾಟೊ ಯೂನಿಟ್ರ್ಯಾಕ್‌ನಲ್ಲಿ ಮೋಟಾರು ಹಳಿಯ ತುಂಡಿನೊಳಗೇ ಅಡಗಿರುತ್ತದೆ, ವೈರು ಎರಡೇ. ಅಲ್ಲಿ ಏಟಿನ ಜಾಗ ಬದಲಾಗುವುದಿಲ್ಲ, ದಿಕ್ಕು ಬದಲಾಗುತ್ತದೆ: ಧನ–ಋಣ ಅದಲುಬದಲಾದ ಡಿಸಿ ಏಟು. ಪೀಕೊದ ಮೂರು ವೈರಿನ ಸ್ವಿಚ್ಚನ್ನು ಇದಕ್ಕೆ ಸುಮ್ಮನೆ ತಗುಲಿಸಿದರೆ ಒಂದೇ ಕಡೆಗೆ ತಿರುಗುತ್ತದೆ, ವಾಪಸು ಬರುವುದಿಲ್ಲ. ನೆನಪು ಮಾತ್ರ ಇಲ್ಲೂ ಪಾಯಿಂಟಿನಲ್ಲೇ, ಆದ್ದರಿಂದ ಇಲ್ಲೂ ಒತ್ತಿ ಬಿಡುವುದೇ ನಿಯಮ.

ನಿಧಾನವಾಗಿ ತಿರುಗುವ ಟಾರ್ಟಾಯಿಸ್, ಕೋಬಾಲ್ಟ್ ಮೋಟಾರುಗಳ ಜಾತಕವೇ ಬೇರೆ. ಒಳಗೆ ಸಣ್ಣ ಡಿಸಿ ಮೋಟಾರು, ಅದರ ಮುಂದೆ ಹಲ್ಲುಗಾಲಿಗಳ ಸಾಲು. ಧನ–ಋಣ ಒಂದು ರೀತಿ ಕೊಟ್ಟರೆ ಎಡಕ್ಕೆ, ಅದಲುಬದಲು ಮಾಡಿದರೆ ಬಲಕ್ಕೆ, ಎರಡು–ಮೂರು ಸೆಕೆಂಡಿನ ಪಯಣ. ಕೊನೆ ಮುಟ್ಟಿದ ಮೇಲೆ ಮೋಟಾರು ತಿರುಗಲಾಗದೆ ನಿಲ್ಲುತ್ತದೆ, ಆದರೆ ಕರೆಂಟು ಕಡಿಯುವುದಿಲ್ಲ, ಒತ್ತುತ್ತಲೇ ಇರುತ್ತದೆ. ಸಾಮಾನ್ಯ ಮೋಟಾರಾದರೆ ಹೀಗೆ ತಡೆದು ನಿಲ್ಲಿಸಿದಾಗ ಸುಡಬೇಕು. ಇದನ್ನು 12 ವೋಲ್ಟಿನಲ್ಲಿ 15–16 ಮಿಲಿಆಂಪಿಯರ್ ಮಾತ್ರ ಎಳೆಯುವಂತೆ ಮಾಡಿರುವುದರಿಂದ ವರ್ಷಗಟ್ಟಲೆ ಹಾಗೇ ಒತ್ತಿ ನಿಲ್ಲಬಲ್ಲದು. ಲೆಕ್ಕ ಪೂರಾ ತಲೆಕೆಳಗು. ಇಪ್ಪತ್ತು ಮೋಟಾರು ಸೇರಿದರೂ 320 ಮಿಲಿಆಂಪಿಯರ್. ಒಂದು ಆಂಪಿಯರ್‌ನ 12 ವೋಲ್ಟ್ ಅಡಾಪ್ಟರ್ ಧಾರಾಳ. ವೈರು ಟೆಲಿಫೋನ್ ವೈರಿನಷ್ಟು ತೆಳುವಾಗಿದ್ದರೂ ನಡೆಯುತ್ತದೆ, 0.8 ಓಮ್ ಇಲ್ಲಿ ಲೆಕ್ಕಕ್ಕೇ ಇಲ್ಲ. ಸ್ವಿಚ್ ಮಾತ್ರ ಹಾಕಿದಲ್ಲೇ ನಿಲ್ಲುವಂಥದ್ದೇ ಆಗಬೇಕು. ಸಾಮಾನ್ಯವಾಗಿ ಡಿಪಿಡಿಟಿ ಟಾಗಲ್: ನಡುವಿನ ಎರಡು ತುದಿ ಮೋಟಾರಿಗೆ, ಒಂದು ಬದಿಯ ಎರಡು ತುದಿ 12 ವೋಲ್ಟಿಗೆ, ಆ ಬದಿಯಿಂದ ಎದುರು ಬದಿಗೆ ಓರೆಯಾಗಿ ಎರಡು ತುಂಡು ವೈರು. ಪ್ಲಸ್ 12, ಸೊನ್ನೆ, ಮೈನಸ್ 12 ಎಂದು ಇಬ್ಬಗೆಯ ಸಪ್ಲೈ ಮಾಡಿಕೊಂಡರೆ ಇನ್ನೂ ಸುಲಭ. ಪ್ರತಿ ಮೋಟಾರಿಗೂ ಒಂದೇ ವೈರು, ಎಲ್ಲಕ್ಕೂ ಒಂದೇ ವಾಪಸು, ಸ್ವಿಚ್ಚೂ ಸರಳವಾದದ್ದೇ ಸಾಕು.

ಇಲ್ಲಿ ನೆನಪು ಟಾಗಲ್‌ನ ಕಡ್ಡಿಯಲ್ಲಿದೆ. ಕರೆಂಟು ಹೋಗಿ ಬಂದರೂ ಕಡ್ಡಿ ಹೇಳಿದ ಕಡೆಗೇ ಮೋಟಾರು ಹೋಗಿ ನಿಲ್ಲುತ್ತದೆ, ಪ್ಯಾನೆಲ್ ನೋಡಿದರೆ ದಾರಿ ತಿಳಿಯುತ್ತದೆ. ಕರೆಂಟು ಸಣ್ಣದಾದ್ದರಿಂದ ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿ ಮೋಟಾರಿನ ವೈರಿನಲ್ಲೇ ಸೇರಿಸಬಹುದು. ಬೇರೆ ರೆಸಿಸ್ಟರೂ ಬೇಡ, ಹಸಿರೋ ಕೆಂಪೋ ಒಂದು ಹೊತ್ತುತ್ತದೆ. ಮೋಟಾರಿಗೆ ಎರಡು ವೋಲ್ಟ್ ಕಡಿಮೆಯಾಗಿ ಇನ್ನಷ್ಟು ನಿಧಾನವಾಗುತ್ತದೆ, ಅದು ಕೆಲವರಿಗೆ ಇಷ್ಟವೂ ಹೌದು. ಆದರೆ ಸೊಲೆನಾಯ್ಡ್‌ನಲ್ಲಿ ಸಲೀಸಾಗಿದ್ದದ್ದೆಲ್ಲ ಇಲ್ಲಿ ಕಷ್ಟ. ಎರಡು ಪ್ಯಾನೆಲ್‌ನಿಂದ ಆಡಿಸಬೇಕಾದರೆ ಮೆಟ್ಟಿಲ ದೀಪಕ್ಕೆ ಮಾಡುವ ಟೂ-ವೇ ವೈರಿಂಗನ್ನು ಇಮ್ಮಡಿ ಮಾಡಿ ಎಳೆಯಬೇಕು, ಹಾಗೆ ಮಾಡಿದ ಕ್ಷಣ ಯಾವ ಕಡ್ಡಿಯೂ ನಿಜ ಹೇಳುವುದಿಲ್ಲ. ನೆನಪು ಎರಡು ಸ್ವಿಚ್ಚಿನ ನಡುವೆ ಹಂಚಿಹೋಗಿರುತ್ತದೆ. ಡಯೋಡುಗಳ ಜಾಲವೂ ನೇರವಾಗಿ ನಡೆಯದು, ಏಕೆಂದರೆ ಬಟನ್‌ನಿಂದ ಬೆರಳೆತ್ತಿದ ಮೇಲೆ ಕರೆಂಟನ್ನು ಹಿಡಿದಿಡಲು ಪ್ರತಿ ಮೋಟಾರಿಗೂ ಒಂದು ಲ್ಯಾಚಿಂಗ್ ರಿಲೇ ಬೇಕು. ಪೀಕೊ ಪಾಯಿಂಟಿಗೆ ಇಂಥ ನಿಧಾನದ ಮೋಟಾರನ್ನು ಕೂರಿಸುವವರು ಹೆಚ್ಚಾಗಿ ಒಳಗಿನ ಸ್ಪ್ರಿಂಗನ್ನು ಕಿತ್ತುಹಾಕುತ್ತಾರೆ. ಎರಡು ನೆನಪುಗಳು ಒಂದೇ ಅಲಗಿನ ಮೇಲೆ ಜಗಳವಾಡುವುದನ್ನು ತಪ್ಪಿಸಲು ಅದು ಸರಿಯಾದ ಕ್ರಮ. ಸ್ವಿಟ್ಜರ್‌ಲೆಂಡಿನ ಫುಲ್ಗುರೆಕ್ಸ್ ಮೋಟಾರಿನಲ್ಲಿ ಕೊನೆ ಮುಟ್ಟಿದೊಡನೆ ಕರೆಂಟನ್ನು ತಾನೇ ಕಡಿದುಕೊಳ್ಳುವ ಸ್ವಿಚ್ಚುಗಳಿವೆ. ಅದನ್ನು ಟಾರ್ಟಾಯಿಸ್‌ನಂತೆ ಒತ್ತಿ ನಿಲ್ಲಿಸಬಾರದು. ಇದಿಷ್ಟು ಬಿಟ್ಟರೆ ವೈರಿಂಗ್ ಸರಿಸುಮಾರು ಒಂದೇ.

ಮೂರನೆಯದು ಸರ್ವೊ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕೊಳ್ಳುವ 9 ಗ್ರಾಂ ಸರ್ವೊವೇ ಇದು. ವಿದೇಶದಿಂದ ತರಿಸಬೇಕಾದ ಪಾಯಿಂಟ್ ಮೋಟಾರುಗಳಿಗೆ ಹೋಲಿಸಿದರೆ ಬೆಲೆ ತೀರ ಕಡಿಮೆ, ಹಾಗಾಗಿ ನಮ್ಮ ಕಡೆಯ ಹವ್ಯಾಸಿಗಳಿಗೆ ಇದರ ಆಕರ್ಷಣೆ ಸಹಜ. ಕಂದು ವೈರು ನೆಲಕ್ಕೆ, ಕೆಂಪು 5 ವೋಲ್ಟಿಗೆ, ಕಿತ್ತಳೆ ಬಣ್ಣದ್ದು ಆಜ್ಞೆಗೆ. ಆಜ್ಞೆ ಎಂದರೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್, ಅದು 1.5 ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ, 1ರ ಕಡೆಗೆ ಇಳಿದರೆ ಒಂದು ಪಕ್ಕಕ್ಕೆ, 2ರ ಕಡೆಗೆ ಏರಿದರೆ ಇನ್ನೊಂದು ಪಕ್ಕಕ್ಕೆ. ಎಷ್ಟು ಸರಿಯಬೇಕು, ಎಷ್ಟು ನಿಧಾನವಾಗಿ ಸರಿಯಬೇಕು ಎಂಬುದನ್ನೆಲ್ಲ ಪ್ರೋಗ್ರಾಮಿನಲ್ಲಿ ಬರೆಯಬಹುದು. ಬೇರೆ ಯಾವ ಮೋಟಾರೂ ಕೊಡದ ಸ್ವಾತಂತ್ರ್ಯ ಇದು. ಬೆಲೆ ತೆರಬೇಕಾದ್ದು ನೆನಪಿನ ವಿಷಯದಲ್ಲಿ. ಸರ್ವೊಗೆ ತನ್ನದೇ ನೆನಪಿಲ್ಲ; ಆಜ್ಞೆ ನಿಂತರೆ ಹಿಡಿತವೂ ಸಡಿಲ. ಲೇಔಟಿಗೆ ಕರೆಂಟು ಕೊಟ್ಟ ಕ್ಷಣ ಅದನ್ನು ಆಡಿಸುವ ಆರ್ಡುಯಿನೊ ಬೋರ್ಡು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಸರ್ವೊ ಒಮ್ಮೆ ಬೆಚ್ಚಿಬೀಳುತ್ತದೆ, ಅಲಗು ಕಿತ್ತುಬರುವುದೂ ಉಂಟು. ಸಿಗ್ನಲ್ ಸ್ಥಿರವಾದ ಮೇಲೆಯೇ 5 ವೋಲ್ಟನ್ನು ರಿಲೇ ಮೂಲಕ ಕೊಡುವುದು ಒಂದು ಪರಿಹಾರ, ಸಿಗ್ನಲ್ ವೈರಿಗೆ ಒಂದು ರೆಸಿಸ್ಟರ್ ಹಾಕಿ ಅದು ತೇಲಾಡದಂತೆ ಕಟ್ಟಿಹಾಕುವುದು ಇನ್ನೊಂದು. ಕೊನೆಯ ಸ್ಥಾನವನ್ನು ಚಿಪ್ಪಿನ, ಕರೆಂಟು ಹೋದರೂ ಅಳಿಯದ ಇಇಪ್ರಾಮ್‌ನಲ್ಲಿ ಬರೆದಿಡಬೇಕು. ಆರ್ಡುಯಿನೊ ಯುನೊದ ಚಿಪ್ಪಿನಲ್ಲಿ ಅಂಥ ಜಾಗ 1,024 ಬೈಟ್ ಇದೆ, ಪ್ರತಿ ಜಾಗವೂ 1,00,000 ಸಲ ಬರೆಯಲು ಬಾಳುತ್ತದೆ ಎಂಬುದು ತಯಾರಕರ ಭರವಸೆ. ಒಂದು ಪಾಯಿಂಟನ್ನು ದಿನಕ್ಕೆ ನೂರು ಸಲ ತಿರುಗಿಸಿದರೂ ಸಾವಿರ ದಿನ. ವಾರಾಂತ್ಯದ ಆಟಕ್ಕೆ ಚಿಂತೆಯಿಲ್ಲ. ಸರ್ವೊ ಗಟ್ಟಿಯಾಗಿ ತಡೆದು ನಿಂತಾಗ ನೂರಾರು ಮಿಲಿಆಂಪಿಯರ್ ಎಳೆಯುವುದರಿಂದ ಅದರ 5 ವೋಲ್ಟ್ ಆರ್ಡುಯಿನೊ ಬೋರ್ಡಿನಿಂದ ಬರಬಾರದು, ಬೇರೆಯೇ ಸಪ್ಲೈಯಿಂದ ಬರಬೇಕು. ಎರಡು ಸಪ್ಲೈಗಳ ನೆಲದ ವೈರು ಮಾತ್ರ ಒಂದಾಗಿರಬೇಕು. ಇದನ್ನು ಮರೆತು "ಸರ್ವೊ ಕೆಟ್ಟಿದೆ" ಎಂದು ಎಸೆದವರ ಸಂಖ್ಯೆ ದೊಡ್ಡದಿರಬೇಕು.

ಈ ಮೂರೂ ಬಗೆಗಳು ಒಂದೇ ಪರೀಕ್ಷೆಗೆ ಕೂರುವ ಜಾಗ ಫ್ರಾಗ್, ಅಂದರೆ ಎರಡು ಹಳಿಗಳು ಕತ್ತರಿಸಿ ಹೋಗುವ ಲೋಹದ ಮೂಲೆ. ನೇರ ದಾರಿಯಲ್ಲಿ ಅದು ಒಂದು ಹಳಿಯ ವಿದ್ಯುತ್ತಿಗೆ ಸೇರಬೇಕು, ತಿರುವಿನ ದಾರಿಯಲ್ಲಿ ಎದುರು ಹಳಿಯದಕ್ಕೆ. ಪ್ಲಾಸ್ಟಿಕ್ ಮಾಡಿಬಿಟ್ಟರೆ ತಂಟೆಯಿಲ್ಲ, ಆದರೆ ಸಣ್ಣ ಎಂಜಿನ್ನುಗಳು ಅಲ್ಲೇ ಉಸಿರುಗಟ್ಟುತ್ತವೆ. ಪೀಕೊದ ಎಲೆಕ್ಟ್ರೊಫ್ರಾಗ್‌ನಲ್ಲಿ ಅಲಗು ಹಳಿಗೆ ತಾಗಿದಾಗ ಅದರ ಮೂಲಕವೇ ಫ್ರಾಗ್‌ಗೆ ಕರೆಂಟು ಹೋಗುತ್ತದೆ. ಧೂಳು ಕೂತರೆ ಅದೂ ನಿಲ್ಲುತ್ತದೆ. ಆದ್ದರಿಂದ ಮೋಟಾರಿನ ಜೊತೆಗೊಂದು ಸ್ವಿಚ್ ಇಟ್ಟು ಫ್ರಾಗ್‌ಗೆ ಕರೆಂಟು ಕೊಡುವುದು ಭರವಸೆಯ ದಾರಿ. ಟಾರ್ಟಾಯಿಸ್‌ನ ಎಂಟು ತುದಿಗಳಲ್ಲಿ ಎರಡು ಮೋಟಾರಿಗೆ ಹೋದರೆ ಉಳಿದ ಆರು ಇಂಥ ಎರಡು ಸ್ವಿಚ್ಚುಗಳಿಗೆ ಮೀಸಲು. ಸೀಪ್ ಪಿಎಂ1ರಲ್ಲೂ ಒಂದಿದೆ, ಪೀಕೊಗೆ ಬೇರೆ ಕೊಂಡು ಜೋಡಿಸಬೇಕು, ಸರ್ವೊಗೆ ಮೈಕ್ರೊಸ್ವಿಚ್ಚೋ ರಿಲೇಯೋ ಬೇಕು. ಇಲ್ಲಿ ವೇಗದ ಪ್ರಶ್ನೆ ಬರುತ್ತದೆ. ಸೊಲೆನಾಯ್ಡ್ ಕಣ್ಣು ಮಿಟುಕಿಸುವುದರೊಳಗೆ ತಿರುಗುವುದರಿಂದ ಅಲಗು ಬದಲಾಗುವುದೂ ಸ್ವಿಚ್ ಬದಲಾಗುವುದೂ ಬಹುತೇಕ ಒಟ್ಟಿಗೆ. ಮೂರು ಸೆಕೆಂಡಿನ ಪಯಣದಲ್ಲಿ ಅಲಗು ಇನ್ನೂ ಹಳೆಯ ಹಳಿಗೆ ತಾಗಿಕೊಂಡಿರುವಾಗಲೇ ಸ್ವಿಚ್ ಮಗ್ಗುಲು ಬದಲಿಸಿದರೆ ಫ್ರಾಗ್ ಎರಡೂ ಕಡೆಗೆ ಸೇರಿ ಶಾರ್ಟ್. ಮೋಟಾರನ್ನು ಅತ್ತಿತ್ತ ಸರಿಸಿ ಹೊಂದಿಸುವುದಕ್ಕಿಂತ ಅಲಗುಗಳನ್ನು ಫ್ರಾಗ್‌ನಿಂದ ಕತ್ತರಿಸಿ ಬೇರೆ ಮಾಡಿ, ಪಕ್ಕದ ಹಳಿಗೆ ವೈರಿನಿಂದ ಬೆಸೆದುಬಿಡುವುದು ಶಾಶ್ವತ ಪರಿಹಾರ. ಆಮೇಲೆ ಅಲಗು ಯಾವಾಗ ಬದಲಾದರೂ ಶಾರ್ಟ್ ಆಗದು.

ಪ್ಯಾನೆಲ್‌ನ ದೀಪಕ್ಕೂ ಕರೆಂಟು ಮೋಟಾರಿನ ಜೊತೆಗಿನ ಸ್ವಿಚ್ಚಿನಿಂದಲೇ ಬರಬೇಕು, ಇಲ್ಲಿ ವಿಷಯ ಇನ್ನೂ ಗಂಭೀರ. ಬಟನ್ ಒತ್ತಿದ್ದಕ್ಕೆ ಹೊತ್ತುವ ದೀಪ ಆಜ್ಞೆಯನ್ನು ತೋರಿಸುತ್ತದೆ, ಪಾಯಿಂಟನ್ನಲ್ಲ. ನಿಜವಾದ ರೈಲ್ವೆ ಈ ಎರಡನ್ನು ಒಂದೆಂದು ಎಂದೂ ಎಣಿಸುವುದಿಲ್ಲ. ಭಾರತೀಯ ರೈಲ್ವೆಯ 110 ವೋಲ್ಟ್ ಡಿಸಿ ಪಾಯಿಂಟ್ ಮೆಷಿನ್‌ನಲ್ಲಿ ಮೋಟಾರಿಗೆ ಹೋಗುವ ಸರ್ಕ್ಯೂಟ್ ಒಂದು, ಅಲಗು ಮುಟ್ಟಿತೆಂದು ಸಾಬೀತು ಮಾಡುವ ಡಿಟೆಕ್ಷನ್ ಸರ್ಕ್ಯೂಟ್ ಇನ್ನೊಂದು. ಅಲಗಿಗೂ ಹಳಿಗೂ ನಡುವೆ 5 ಮಿಲಿಮೀಟರ್ ದಪ್ಪದ ಲೋಹದ ತುಂಡಿಟ್ಟು ಪರೀಕ್ಷೆ ಮಾಡುತ್ತಾರೆ: ಮೆಷಿನ್ ಲಾಕ್ ಆಗಬಾರದು, ಡಿಟೆಕ್ಷನ್ ಸಿಗಬಾರದು, ಮೋಟಾರಿನ ಕ್ಲಚ್ ಜಾರಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ವೈರಿಂಗಿನ ಲೋಪ ಏನು ಮಾಡಬಲ್ಲದು ಎಂಬುದಕ್ಕೆ 2023 ಸಾಕ್ಷಿಯಾಯಿತು. ಆ ವರ್ಷ ಫೆಬ್ರವರಿಯಲ್ಲಿ ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ಸಿನ ಮುಂದಿನ ಪಾಯಿಂಟ್ ತಪ್ಪು ಹಳಿಗೆ ತಿರುಗಿರುವುದನ್ನು ಲೋಕೋ ಪೈಲಟ್ ಕಣ್ಣಾರೆ ಕಂಡು ಗಾಡಿ ನಿಲ್ಲಿಸಿದರು. ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ ಎಂದು ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿ ಆಗಲೇ ಎಚ್ಚರಿಸಿದ್ದರು. ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಸಿಗ್ನಲ್ ಸಿಕ್ಕಿತ್ತು, ಪಾಯಿಂಟ್ ಲೂಪ್ ಲೈನಿಗೆ ತಿರುಗಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟಿನಲ್ಲಿ ಮಾಡಿದ ಬದಲಾವಣೆಗಳ ಲೋಪಗಳನ್ನು, ತಪ್ಪು ವೈರಿಂಗನ್ನು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟುಮಾಡಿತು. ಆಟದ ರೈಲಿಗೂ ಆ ದುರಂತಕ್ಕೂ ಹೋಲಿಕೆ ಮಾಡುವುದು ಉದ್ದೇಶವಲ್ಲ. ಎರಡು ಸರ್ಕ್ಯೂಟುಗಳನ್ನು ಬೇರೆ ಇಡುವ ಶಿಸ್ತು, ಪ್ರತಿ ವೈರಿಗೂ ಸರಿಯಾದ ಗುರುತು ಕಟ್ಟುವ ಶಿಸ್ತು ಏಕೆ ಹುಟ್ಟಿತು ಎಂಬುದು ಇದರಿಂದ ತಿಳಿಯುತ್ತದೆ.

ನೆನಪು ಎಲ್ಲಿದೆ ಎಂಬುದರಿಂದಲೇ ವೈರಿಂಗ್ ಹೊರಡುತ್ತದೆ ಎಂಬ ನನ್ನ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಅನುಭವಸ್ಥರದು: ಇಡೀ ಲೇಔಟಿಗೆ ಒಂದೇ ಬಗೆಯ ಮೋಟಾರು ಹಾಕಿ, ಈ ತಲೆನೋವೇ ಬೇಡ. ಆರೇಳು ಪಾಯಿಂಟುಗಳ ಲೇಔಟಿಗೆ ಇದು ಒಳ್ಳೆಯ ಸಲಹೆ, ನಾನೂ ಅದನ್ನೇ ಹೇಳುತ್ತೇನೆ. ಲೇಔಟ್ ಬೆಳೆದಂತೆ ಅದು ಸಡಿಲವಾಗುತ್ತದೆ. ಕಣ್ಣಿಗೆ ಕಾಣದ ಯಾರ್ಡಿನಲ್ಲಿ ಪಾಯಿಂಟ್ ನಿಧಾನವಾಗಿ ಚೆಂದವಾಗಿ ಸರಿದರೆ ನೋಡುವವರು ಯಾರು? ಅಲ್ಲಿ ಬೇಕಾದ್ದು ಒಂದು ಬಟನ್‌ಗೆ ಇಡೀ ದಾರಿ ಸಿದ್ಧವಾಗುವುದು, ಅದು ಸೊಲೆನಾಯ್ಡ್‌ಗೆ ಡಯೋಡುಗಳಲ್ಲೇ ಸಿಗುತ್ತದೆ. ಮುಂದಿನ ನಿಲ್ದಾಣದಲ್ಲಿ ಟಪ್ ಎಂದು ಬಡಿಯುವ ಪಾಯಿಂಟ್ ನೋಟವನ್ನು ಕೆಡಿಸುತ್ತದೆ, ಅಲ್ಲಿಗೆ ಟಾರ್ಟಾಯಿಸೋ ಸರ್ವೊವೋ ಇರಲಿ. ಕಾರಣವಿಲ್ಲದೆ ಬೆರೆಸುವುದು ಬೇಡ, ಬೆರೆಸಿದರೆ ಎರಡು ಬಗೆಯ ಮೋಟಾರುಗಳ ಸಪ್ಲೈ ಒಂದೇ ವೈರಿನಲ್ಲಿ ಹರಿಯುವುದು ಖಂಡಿತ ಬೇಡ. ಸಿಡಿಯು ಏಟಿನ ವೈರು ಸರ್ವೊಗಳ ಸಿಗ್ನಲ್ ವೈರಿನ ಪಕ್ಕದಲ್ಲೇ ಓಡಿದರೆ ಅವು ನಡುಗುವುದನ್ನು ನೋಡಬಹುದು.

ಎರಡನೆಯ ಆಕ್ಷೇಪ ಡಿಸಿಸಿ, ಅಂದರೆ ಹಳಿಯ ಮೂಲಕವೇ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆಯ ಅಭಿಮಾನಿಗಳದು. ಎಲ್ಲವೂ ಡಿಜಿಟಲ್ ಆದ ಮೇಲೆ ಹಳಿಯ ಎರಡು ವೈರು ಸಾಕು, ಮೋಟಾರಿನ ಪಕ್ಕ ಆ ಆಜ್ಞೆಯನ್ನು ಓದುವ ಡಿಕೋಡರ್ ಇಟ್ಟರೆ ಮುಗಿಯಿತು ಎನ್ನುತ್ತಾರೆ. ಡಿಕೋಡರ್ ಆದರೂ ಮೋಟಾರಿನ ಸ್ವಭಾವವನ್ನು ಬದಲಿಸದು. ಜರ್ಮನಿಯ ಲೆಂಜ್ ಕಂಪನಿಯ ಎಲ್‌ಎಸ್150 ಕಾಯಿಲ್‌ಗಳಿಗೆ ಏಟು ಕೊಡಲು ಹುಟ್ಟಿದ್ದು, ಎನ್‌ಸಿಇಯ ಸ್ವಿಚ್-ಇಟ್ ಟಾರ್ಟಾಯಿಸ್‌ನಂಥವಕ್ಕೆ ಬಿಡದೆ ಕರೆಂಟು ಕೊಡಲು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಹಳೆಯ ತಪ್ಪೇ ಹೊಸ ಡಬ್ಬಿಯಲ್ಲಿ. ಡಿಜಿಟ್ರ್ಯಾಕ್ಸ್‌ನ ಡಿಎಸ್64 ಎರಡನ್ನೂ ಮಾಡುತ್ತದೆ, ಆದರೆ ಯಾವುದೆಂದು ನೀವು ಮೊದಲೇ ಹೇಳಬೇಕು. ನೆನಪು ಮಾಯವಾಗಿಲ್ಲ, ಪ್ಯಾನೆಲ್‌ನಿಂದ ಡಿಕೋಡರಿಗೆ ಮನೆ ಬದಲಿಸಿದೆ, ಅಷ್ಟೇ. ಜೊತೆಗೊಂದು ಹೊಸ ತೊಡಕೂ ಬಂದಿದೆ. ತಪ್ಪು ದಿಕ್ಕಿಗಿರುವ ಪಾಯಿಂಟಿನ ಮೇಲೆ ಎಂಜಿನ್ ಹತ್ತಿ ಶಾರ್ಟ್ ಆದರೆ ಹಳಿಗೆ ಕರೆಂಟು ಕೊಡುವ ಬೂಸ್ಟರ್ ಇಡೀ ಹಳಿಯ ಕರೆಂಟು ಕಡಿಯುತ್ತದೆ. ಡಿಕೋಡರ್‌ಗೂ ಅದೇ ಹಳಿಯಿಂದ ಕರೆಂಟು ಬರುತ್ತಿದ್ದರೆ ಪಾಯಿಂಟನ್ನು ಸರಿಪಡಿಸಲು ಬೇಕಾದ ಕರೆಂಟೇ ಇಲ್ಲ; ಕೈಯಿಂದ ಎಂಜಿನ್ ಎತ್ತಬೇಕು. ಡಿಕೋಡರುಗಳಿಗೆ ಹಳಿಯದಲ್ಲದ ಬೇರೆ ಸಪ್ಲೈ ಎಳೆಯುವುದರಿಂದ ಇದು ತಪ್ಪುತ್ತದೆ. ಎರಡೇ ವೈರು ಸಾಕು ಎಂಬ ಜಾಹೀರಾತು ಅಲ್ಲಿಗೆ ನಾಲ್ಕಾಯಿತು.

ಮೋಟಾರೇ ಬೇಡ, ಬೆರಳಿನಿಂದ ಸರಿಸಿದರಾಯಿತು ಎಂಬ ಮೂರನೆಯ ಮಾತನ್ನು ತಳ್ಳಿಹಾಕಲಾಗದು. ಗೋಡೆಯ ಒಂದು ಹಲಗೆಯ ಮೇಲಿನ ಶಂಟಿಂಗ್ ಯಾರ್ಡಿಗೆ ಅದೇ ಸೂಕ್ತ. ಪೀಕೊದ ಸ್ಪ್ರಿಂಗ್ ಹೇಗೂ ನೆನಪಿಟ್ಟುಕೊಳ್ಳುತ್ತದೆ. ಕೈ ನಿಲುಕದ ದೂರ ಬಂದಾಗಲಷ್ಟೇ ಮೋಟಾರು. ಯಾವ ಬಗೆಯದೇ ಇರಲಿ, 230 ವೋಲ್ಟ್ ಒಳಗೊಂಡ ಭಾಗ ಮುಚ್ಚಿದ ಅಡಾಪ್ಟರಿನೊಳಗೇ ಇರಬೇಕು, ಮೇಜಿನ ಕೆಳಗೆ ಬಿಚ್ಚಿದ ಮೇನ್ಸ್ ವೈರಿಗೆ ಜಾಗವಿಲ್ಲ.

ಇನ್ನು ಉಳಿದದ್ದು ಕ್ರಾಸೋವರ್, ಅಂದರೆ ಎರಡು ಸಮಾನಾಂತರ ಹಳಿಗಳ ನಡುವಿನ ಜೋಡಿ ಪಾಯಿಂಟ್. ಎರಡೂ ಒಟ್ಟಿಗೆ ತಿರುಗಬೇಕು, ಒಂದು ಮಾತ್ರ ತಿರುಗಿದರೆ ಗಾಡಿ ಬೀಳುವುದು ಖಾತ್ರಿ. ಆಜ್ಞೆಯ ಕಡೆ ಎರಡು ಮೋಟಾರನ್ನೂ ಪ್ಯಾರಲಲ್ ಆಗಿ ಒಂದೇ ಸ್ವಿಚ್ಚಿಗೆ ಸೇರಿಸಿ. ಸೊಲೆನಾಯ್ಡ್ ಆದರೆ ಕೆಪಾಸಿಟರು ದೊಡ್ಡದಿರಲಿ, ವೈರು ದಪ್ಪಗಿರಲಿ. ಫ್ರಾಗ್‌ಗಳನ್ನು ಮಾತ್ರ ಒಂದಕ್ಕೊಂದು ಸೇರಿಸಬೇಡಿ. ಪ್ರತಿಯೊಂದಕ್ಕೂ ತನ್ನ ಮೋಟಾರಿನ ಸ್ವಿಚ್ಚೇ ಇರಲಿ, ಎರಡರ ನಡುವಿನ ಹಳಿಗಳಲ್ಲಿ ಪ್ಲಾಸ್ಟಿಕ್ ಜೋಡಣೆ ಇರಲಿ. ಪ್ಯಾನೆಲ್‌ನ ದೀಪಕ್ಕೆ ಎರಡೂ ಮೋಟಾರುಗಳ ಉಳಿದ ಸ್ವಿಚ್ಚುಗಳನ್ನು ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಬರುವಂತೆ ಜೋಡಿಸಿ: ಎರಡೂ ನೇರಕ್ಕಿದ್ದರೆ ಹಸಿರು, ಎರಡೂ ತಿರುವಿಗಿದ್ದರೆ ಹಳದಿ, ಒಂದು ಮಾತ್ರ ಮುಟ್ಟಿ ಇನ್ನೊಂದು ಅರ್ಧಕ್ಕೆ ನಿಂತಿದ್ದರೆ ಯಾವ ದೀಪವೂ ಹೊತ್ತುವುದಿಲ್ಲ. ಆಗ ಗಾಡಿ ಬಿಡಬೇಡಿ, ಮೇಜಿನ ಕೆಳಗೆ ಬಗ್ಗಿ ನೋಡಿ.